ಅಪ್ಪಯ್ಯನ ಅಂಗಾಲು

ಕಳೆದ ಆಷಾಢದಲ್ಲಿ ಶಿರಸಿ ಹತ್ತಿರದ ನಮ್ಮೂರಿಗೆ ಹೋದಾಗ ಅಪ್ಪಯ್ಯ ಜಗಲಿಯಲ್ಲಿ ಕೂತು ಒರಟು ಕಲ್ಲಿನ ಚೂರಿನಿಂದ ಅಂಗಾಲು ಉಜ್ಜಿಕೊಳ್ಳುತ್ತಿದ್ದ. ನೆಲದ ಮೇಲೆ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಬಿಳಿ ಪುಡಿ. ಹತ್ತಿರ ಹೋಗಿ ನೋಡಿದೆ. ಅಂಗಾಲು ದಪ್ಪಗಾಗಿ ಗೆರೆಗೆರೆಯಾಗಿತ್ತು. ಕಿರುಬೆರಳಿನ ಸಂದು ನೆನೆದು ಬೆಳ್ಳಗಾಗಿ ಬಿರಿದಿತ್ತು. ಮೊಣಕಾಲಿನ ಕೆಳಗೆ ಅಂಗೈ ಅಗಲದ ಕೆಂಪು ಕಲೆ.

"ಎಂತೂ ಇಲ್ಲೆ ತಂಗಿ, ಮಳೆಗಾಲದ್ದು" ಅಂದ. ಆಯಿ ಹೇಳಿದ್ದು ಬೇರೆ. ಎರಡು ವರ್ಷದಿಂದ ಇದೆ, ಬೇಸಿಗೆಯಲ್ಲೂ ಪೂರ್ತಿ ಹೋಗಲಿಲ್ಲ, ರಾತ್ರಿ ತುರಿಸಿಕೊಳ್ಳುವ ಸದ್ದಿಗೆ ತನಗೇ ಎಚ್ಚರವಾಗುತ್ತದೆ ಅಂತ. ಫೋನಿನಲ್ಲಿ ವಾರಕ್ಕೆ ಮೂರು ಸಲ ಮಾತಾಡುತ್ತಿದ್ದ ನನಗೆ ಇದು ಗೊತ್ತೇ ಇರಲಿಲ್ಲ. ಬಹಳ ಬೇಜಾರಾಯಿತು.

ಔಷಧಿ ಹಚ್ಚಿರಲಿಲ್ಲ ಅಂತಲ್ಲ. ಪೇಟೆಯ ಒಂದು ಮೆಡಿಕಲ್ ಶಾಪಿನಲ್ಲಿ ಕೇಳಿದಾಗ ಒಂದು ಟ್ಯೂಬ್ ಕೊಟ್ಟಿದ್ದರಂತೆ. ಎರಡೇ ದಿನಕ್ಕೆ ತುರಿಕೆ ನಿಂತಿತು. ಹಚ್ಚುವುದು ಬಿಟ್ಟ ಹದಿನೈದು ದಿನಕ್ಕೆ ಮತ್ತೆ ಬಂತು, ಮೊದಲಿಗಿಂತ ಅಗಲವಾಗಿ. ಮತ್ತೆ ಅದೇ ಟ್ಯೂಬ್. ಹೀಗೆ ಆರು ಟ್ಯೂಬ್ ಮುಗಿದಿದ್ದವು. ಖಾಲಿ ಟ್ಯೂಬಿನ ಮೇಲೆ ಓದಿದೆ: ಶಿಲೀಂಧ್ರದ ಔಷಧಿ, ಬ್ಯಾಕ್ಟೀರಿಯಾದ ಔಷಧಿ, ಜೊತೆಗೆ ಕ್ಲೋಬೆಟಾಸೋಲ್ ಅನ್ನುವ ಜೋರಾದ ಸ್ಟೀರಾಯ್ಡ್.

ಮಾರನೇ ದಿನ ಬೆಳಗಿನ ಬಸ್ಸಿಗೆ ಶಿರಸಿಗೆ ಹೊರಟೆವು. ಚರ್ಮದ ಡಾಕ್ಟರು ಮೊದಲು ಕೇಳಿದ್ದು "ಶುಗರ್ ಇದೆಯಾ ನಿಮಗೆ?" ಅಂತ. ಇಲ್ಲ ಅಂದ ಮೇಲೂ ರಕ್ತ ಪರೀಕ್ಷೆ ಮಾಡಿಸಿದರು. ಅಂಗಾಲಿನ ಸಿಪ್ಪೆಯನ್ನು ಮೆಲ್ಲಗೆ ಕೆರೆದು ಗಾಜಿನ ಪಟ್ಟಿಯ ಮೇಲೆ ಹಾಕಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನನಗೂ ತೋರಿಸಿದರು. ಸಿಪ್ಪೆಯ ನಡುವೆ ತೆಳ್ಳಗಿನ, ಕವಲೊಡೆದ ಎಳೆಗಳು. ಅದೇ ಗಜಕರ್ಣದ ಶಿಲೀಂಧ್ರ. ಕಾಲಿನ ಕಲೆಯೂ, ಅಂಗಾಲಿನ ಸಿಪ್ಪೆಯೂ, ಬೆರಳ ಸಂದಿನ ಬಿರುಕೂ ಒಂದೇ ಕಾಯಿಲೆ ಅಂತ ನನಗೆ ಅವತ್ತೇ ತಿಳಿದದ್ದು.

ಸ್ಟೀರಾಯ್ಡ್ ಮಾಡುವುದು ಇಷ್ಟೆ, ಅಂದರು ಡಾಕ್ಟರು. ತುರಿಕೆ, ಕೆಂಪು ಎಲ್ಲ ಮೈ ಶಿಲೀಂಧ್ರದ ಜೊತೆ ಹೋರಾಡುತ್ತಿರುವ ಗುರುತು. ಸ್ಟೀರಾಯ್ಡ್ ಆ ಹೋರಾಟವನ್ನೇ ನಿಲ್ಲಿಸುತ್ತದೆ. ಶಿಲೀಂಧ್ರ ಸದ್ದಿಲ್ಲದೆ ಹರಡುತ್ತದೆ. ಕಲೆಯ ಉಂಗುರದಂಥ ಅಂಚು ಮಾಸಿ, ಗಜಕರ್ಣ ಅಂತ ಗುರುತು ಹಿಡಿಯುವುದೂ ಕಷ್ಟವಾಗುತ್ತದೆ. ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಸರ್ಕಾರ ನಿಯಮ ಮಾಡಿದೆ. ಅಪ್ಪಯ್ಯನಿಗೆ ಆರು ಸಲ ಸಿಕ್ಕಿತ್ತು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಕಾಲಿನ ಕಲೆಗೆ ಮಾತ್ರೆ ಬರೆದರು. ಬೆರಳ ಸಂದಿಗೆ ಕ್ಲೋಟ್ರಿಮಜೋಲ್ ಕ್ರೀಮು. ಅಂಗಾಲಿಗೆ ವಿಟ್‌ಫೀಲ್ಡ್ ಮುಲಾಮು. ಆರ್ಥರ್ ವಿಟ್‌ಫೀಲ್ಡ್ ಅನ್ನುವ ಬ್ರಿಟಿಷ್ ಚರ್ಮವೈದ್ಯರ ಹೆಸರಿನದು, ನೂರು ವರ್ಷ ದಾಟಿದ ಔಷಧಿ. ನೂರು ಪಾಲಿನಲ್ಲಿ 6 ಪಾಲು ಬೆಂಜೋಯಿಕ್ ಆಮ್ಲ, 3 ಪಾಲು ಸ್ಯಾಲಿಸಿಲಿಕ್ ಆಮ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಹಿಂದೆ ಇತ್ತು. ಶಿಲೀಂಧ್ರ ಬದುಕುವುದು ಚರ್ಮದ ಮೇಲಿನ ಸತ್ತ ಪದರದಲ್ಲಿ, ಅದರ ಕೆರಾಟಿನ್ ಅನ್ನುವ ಪ್ರೋಟೀನ್ ತಿಂದುಕೊಂಡು. ಸ್ಯಾಲಿಸಿಲಿಕ್ ಆಮ್ಲ ಆ ಪದರದ ಅಂಟು ಬಿಡಿಸಿ ಸಿಪ್ಪೆ ಏಳಿಸುತ್ತದೆ. ಬೆಂಜೋಯಿಕ್ ಆಮ್ಲ ಶಿಲೀಂಧ್ರವನ್ನು ಬೆಳೆಯದಂತೆ ತಡೆಯುತ್ತದೆ. ತಡೆಯುತ್ತದೆ ಅಷ್ಟೆ, ಪೂರ್ತಿ ಕೊಲ್ಲುವುದಿಲ್ಲ. ಹಾಗಾಗಿ ಸೋಂಕಿದ ಪದರ ಉದುರಿ ಹೋಗುವ ತನಕ, ದಿನಕ್ಕೆ ಎರಡು ಸಲ, ಕಡಿಮೆ ಅಂದರೂ ನಾಲ್ಕು ವಾರ ಹಚ್ಚಲೇಬೇಕು. ಸಿಪ್ಪೆ ಏಳುವುದು ಔಷಧಿ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ, ಹೆದರಬೇಡಿ ಅಂದರು.

ಆ ರಾತ್ರಿ ನಾನೇ ತಪ್ಪು ಮಾಡಿದೆ. ಕರೆಂಟ್ ಇರಲಿಲ್ಲ. ಮೊಬೈಲ್ ಬೆಳಕಿನಲ್ಲಿ ಕಾಲು ತೊಡೆಯ ಮೇಲಿಟ್ಟುಕೊಂಡು ವಿಟ್‌ಫೀಲ್ಡ್ ಮುಲಾಮನ್ನು ಅಂಗಾಲಿಗೆಲ್ಲ ಹಚ್ಚಿದೆ, ಅದೇ ಬೆರಳಲ್ಲಿ ಸಂದಿಗೂ ಸವರಿಬಿಟ್ಟೆ. ಅಪ್ಪಯ್ಯ ಒಂದು ನಿಮಿಷ ಸುಮ್ನೆ ಇದ್ದ. ಆಮೇಲೆ ಕಾಲು ಎಳೆದುಕೊಂಡ. "ಉರೀತು ತಂಗೀ, ಭಾರೀ ಉರೀತು." ಬಚ್ಚಲಿಗೆ ಕರೆದುಕೊಂಡು ಹೋಗಿ ತಣ್ಣೀರು ಹೊಯ್ದೆ, ಮತ್ತೆ ಮತ್ತೆ ಹೊಯ್ದೆ. ಒಡೆದ ಚರ್ಮಕ್ಕೆ ಆಮ್ಲ ಹಚ್ಚಬಾರದು ಅಂತ ಡಾಕ್ಟರು ಬೆರಳಿಟ್ಟು ತೋರಿಸಿ ಹೇಳಿದ್ದರು. ಅದಕ್ಕೇ ತಾನೇ ಎರಡು ಬೇರೆ ಔಷಧಿ ಕೊಟ್ಟಿದ್ದು? ಮುಖಕ್ಕೂ, ತೊಡೆಸಂದಿಗೂ ಇದು ಬೇಡ ಅಂದಿದ್ದರು. ಶುಗರ್ ಇದ್ದವರ ಕಾಲಿಗಂತೂ ಕೇಳದೆ ಹಚ್ಚಲೇಬಾರದು. ಅಲ್ಲಿ ನೋವು ಗೊತ್ತಾಗದೆ ಹುಣ್ಣಾಗಬಹುದು. ಅಪ್ಪಯ್ಯನಿಗೆ ಉರಿ ಗೊತ್ತಾಯಿತಲ್ಲ, ಅಷ್ಟು ಪುಣ್ಯ.

ಇಷ್ಟಾದ ಮೇಲೆ ಅಪ್ಪಯ್ಯ ಔಷಧಿಯನ್ನೇ ಬೇಡ ಅಂತಾನೇನೋ ಅಂದುಕೊಂಡಿದ್ದೆ. ಆದರೆ ಬೆಳಿಗ್ಗೆ ತಾನೇ ಕ್ಯಾಲೆಂಡರ್ ಮುಂದೆ ನಿಂತಿದ್ದ. ತೋಟದಲ್ಲಿ ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲದ ಔಷಧಿ ಹೊಡೆಯುವುದು ಬಾಕಿ ಇತ್ತು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಬರುವ ದಿನ ಲೆಕ್ಕ ಹಾಕುತ್ತಿದ್ದ. ನಾಲ್ಕು ವಾರ ಹಚ್ಚಬೇಕು ಅಂತ ಮತ್ತೆ ನೆನಪಿಸಿದೆ. "ಗೊತ್ತಿದ್ದು" ಅಂದ. "ಕೊಳೆಗೆ ಒಂದೇ ಸಲ ಹೊಡದು ಬಿಟ್ರೆ ಆಗ್ತ?" ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಮಾಡಿದವನಿಗೆ ಇದನ್ನು ನಾನು ಹೇಳಿಕೊಡಬೇಕಾಗಿರಲಿಲ್ಲ. ಮಳೆ ನಿಲ್ಲದಿದ್ದರೆ ಔಷಧಿಯೂ ನಿಲ್ಲುವುದಿಲ್ಲ ಅನ್ನುವುದು ಅವನ ಜೀವಮಾನದ ಅನುಭವ.

ನಾವು ಬದಲಿಸಿದ್ದು ಕೆಲವೇ ವಿಷಯ. ಗಂಬೂಟನ್ನು ದಿನಾ ಬಚ್ಚಲ ಒಲೆಯ ಹತ್ತಿರ ಬೋರಲು ಹಾಕಿ ಒಣಗಿಸುವುದು. ತೋಟದಿಂದ ಬಂದ ಕೂಡಲೇ ಕಾಲು ತೊಳೆದು ಬೆರಳ ಸಂದು ಒಣ ಬಟ್ಟೆಯಲ್ಲಿ ಒರೆಸುವುದು. ಅವನ ಟವೆಲ್ ಬೇರೆ, ಆಯಿಯದು ಬೇರೆ. ಆ ಮಳೆಯಲ್ಲಿ ಬಟ್ಟೆ ಒಣಗಿಸುವುದೇ ದೊಡ್ಡ ಕೆಲಸ, ಆಯಿ ಅದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಎರಡನೇ ವಾರ ಅಂಗಾಲಿನ ಸಿಪ್ಪೆ ಹಾಳೆ ಹಾಳೆಯಾಗಿ ಎದ್ದಿತು. ಕೆಳಗೆ ಗುಲಾಬಿ ಬಣ್ಣದ ಮೆತ್ತನೆ ಚರ್ಮ. ನಾನು ಅಷ್ಟರಲ್ಲಿ ಬೆಂಗಳೂರಿಗೆ ವಾಪಸ್ ಬಂದಿದ್ದೆ, ಆಯಿ ವಿಡಿಯೋ ಕಾಲ್‌ನಲ್ಲಿ ತೋರಿಸಿದಳು. ತುರಿಕೆ ನಿಂತಿದೆ, ಇನ್ನು ಬಿಡಬಹುದಾ ಅಂತ ಆಯಿಯೇ ಕೇಳಿದಳು. ಹಿಂದಿನಿಂದ ಅಪ್ಪಯ್ಯನ ದನಿ ಕೇಳಿಸಿತು: "ಇನ್ನೂ ಹದಿಮೂರು ದಿನ ಇದ್ದು."