ಕಂಬ ನೆಡುವ ಮೊದಲು ಹಕ್ಕಿ ಎಣಿಸಬೇಕು

ಕೊಯಮತ್ತೂರಿನ ಸಾಲಿಂ ಅಲಿ ಪಕ್ಷಿವಿಜ್ಞಾನ ಮತ್ತು ನಿಸರ್ಗ ಇತಿಹಾಸ ಕೇಂದ್ರದ ಸಂಶೋಧಕರು 2011ರಿಂದ 2014ರ ನಡುವೆ ಗುಜರಾತಿನ ಕಛ್ ಮತ್ತು ನಮ್ಮ ದಾವಣಗೆರೆಯಲ್ಲಿ ಒಟ್ಟು 130 ಗಾಳಿಯಂತ್ರಗಳ ಬುಡದಲ್ಲಿ ಸತ್ತ ಹಕ್ಕಿಗಳನ್ನು ಹುಡುಕಿದರು. ಕಛ್‌ನಲ್ಲಿ ಮೂರು ವರ್ಷಗಳಲ್ಲಿ 47, ದಾವಣಗೆರೆಯಲ್ಲಿ ಒಂದು ವರ್ಷದಲ್ಲಿ 7 ಕಳೇಬರಗಳು ಸಿಕ್ಕವು. ಅದರಿಂದ ಲೆಕ್ಕ ಹಾಕಿದಾಗ ಒಂದು ಯಂತ್ರಕ್ಕೆ ವರ್ಷವೊಂದರಲ್ಲಿ ಬಲಿಯಾಗುವ ಹಕ್ಕಿಗಳ ಅಂದಾಜು ಕಛ್‌ನಲ್ಲಿ 0.478, ದಾವಣಗೆರೆಯಲ್ಲಿ 0.466 ಎಂದು ಬಂತು. ಪವನ ವಿದ್ಯುತ್ತಿನ ಬಗ್ಗೆ ನಮ್ಮ ಕಡೆ ಚರ್ಚೆ ನಡೆದಾಗಲೆಲ್ಲ ಈ ಅಂಕಿ ಎರಡು ಬಗೆಯಲ್ಲಿ ಬಳಕೆಯಾಗುವುದನ್ನು ನಾನು ಕೇಳಿದ್ದೇನೆ. ಯಂತ್ರಕ್ಕೆ ಅರ್ಧ ಹಕ್ಕಿಯೂ ಸಾಯುವುದಿಲ್ಲವಲ್ಲ, ಇದಕ್ಕೇಕೆ ಇಷ್ಟು ಗಲಾಟೆ ಎನ್ನುವವರು ಒಂದು ಕಡೆ. ರಾಜ್ಯದ ಸಾವಿರಾರು ಯಂತ್ರಗಳಿಂದ ಗುಣಿಸಿ ಗಾಬರಿಯ ಮೊತ್ತವೊಂದನ್ನು ಮುಂದಿಡುವವರು ಇನ್ನೊಂದು ಕಡೆ. ಅಧ್ಯಯನ ಗಂಭೀರವಾದದ್ದು, ಅದರ ಅಂಕಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಸರಾಸರಿಯನ್ನು ಹಿಡಿದುಕೊಂಡು ವಾದ ಮಾಡುವ ಎರಡೂ ಪಕ್ಷಗಳು ಮುಖ್ಯ ಪ್ರಶ್ನೆಯನ್ನು ತಪ್ಪಿಸಿಕೊಳ್ಳುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಾವ ಹಕ್ಕಿ, ಯಾವ ಜಾಗದಲ್ಲಿ, ಯಾವ ತಿಂಗಳಲ್ಲಿ, ಯಾವ ಕಂಬಕ್ಕೆ ಎಂದು ಬಿಡಿಸಿ ಕೇಳದ ಹೊರತು ಹಾನಿಯನ್ನು ಅಳೆಯಲೂ ಆಗದು, ತಗ್ಗಿಸಲೂ ಆಗದು.

ಅಂಕಿ ಹುಟ್ಟುವ ಬಗೆಯನ್ನೇ ಮೊದಲು ನೋಡೋಣ. ಯಂತ್ರದ ಸುತ್ತ ಗೊತ್ತಾದ ದೂರದವರೆಗೆ ಸಾಲು ಹಿಡಿದು ನಡೆಯುತ್ತ ನೆಲವನ್ನು ಕಣ್ಣಲ್ಲೇ ಬಾಚುವ ಕೆಲಸ ಇದು. ಕಡಲೆ ಕಿತ್ತ ಎರೆ ಹೊಲದಲ್ಲಿ ಪಾರಿವಾಳದ ಒಂದು ಬಿಳಿ ಗರಿಯೂ ದೂರದಿಂದ ಕಾಣುತ್ತದೆ. ಆಳೆತ್ತರದ ಜೋಳದ ಹೊಲದಲ್ಲಾದರೆ ಹದ್ದು ಬಿದ್ದಿದ್ದರೂ ಪಕ್ಕದ ಸಾಲಿನವನಿಗೆ ಕಾಣದು. ಬಿದ್ದ ಹಕ್ಕಿಯನ್ನು ರಾತ್ರಿಯೊಳಗೆ ನಾಯಿ, ನರಿ, ಮುಂಗುಸಿ ಎತ್ತಿಕೊಂಡು ಹೋಗಿರುತ್ತವೆ. ಆದ್ದರಿಂದ ಸಂಶೋಧಕರು ಎರಡು ಪರೀಕ್ಷೆಗಳನ್ನು ಜೊತೆಗೇ ಮಾಡುತ್ತಾರೆ: ತಾವೇ ಕಳೇಬರಗಳನ್ನು ಇಟ್ಟು ಅವು ಎಷ್ಟು ದಿನ ಉಳಿಯುತ್ತವೆ ಎಂದು ನೋಡುವುದು, ಮತ್ತು ಹುಡುಕುವವರಿಗೆ ತಿಳಿಸದೆ ಅಲ್ಲಲ್ಲಿ ಇಟ್ಟು ಅವರು ಎಷ್ಟನ್ನು ಕಂಡುಹಿಡಿಯುತ್ತಾರೆ ಎಂದು ನೋಡುವುದು. ಉದಾಹರಣೆಗೆ, ಸತ್ತ 10 ಹಕ್ಕಿಗಳಲ್ಲಿ 4 ಪ್ರಾಣಿಗಳ ಪಾಲಾಗಿ, ಉಳಿದ 6ರಲ್ಲಿ ಹುಡುಕುವವರಿಗೆ ಅರ್ಧ ಮಾತ್ರ ಕಂಡರೆ, ದಾಖಲಾಗುವುದು ಕೇವಲ 3. ಈ ತಿದ್ದುಪಡಿಗಳಿಲ್ಲದೆ ‘ನಮ್ಮ ಸ್ಥಾವರದಲ್ಲಿ ವರ್ಷಕ್ಕೆ ಮೂರೇ ಹಕ್ಕಿ ಸತ್ತಿವೆ’ ಎಂದು ಯಾರಾದರೂ ಹೇಳಿದರೆ ಆ ಮಾತಿಗೆ ಅರ್ಥವಿಲ್ಲ.

ತಿದ್ದಿದ ಮೇಲೂ ಸರಾಸರಿ ಒಂದು ವಿಷಯವನ್ನು ಮುಚ್ಚಿಡುತ್ತದೆ. ಬೆಳವ ವರ್ಷದಲ್ಲಿ ಹಲವು ಸಲ ಮರಿ ಮಾಡುತ್ತದೆ. ಅದರ ಕೆಲವು ಸಾವುಗಳು ಬೇಗ ತುಂಬಿ ಬರುತ್ತವೆ. ದೊಡ್ಡ ಹದ್ದುಗಳು ವರ್ಷಕ್ಕೆ ಒಂದೋ ಎರಡೋ ಮೊಟ್ಟೆ ಇಡುತ್ತವೆ, ಮರಿ ಬೆಳೆದು ತಾನೇ ಗೂಡು ಕಟ್ಟಲು ನಾಲ್ಕೈದು ವರ್ಷ ಬೇಕು. ಅಲ್ಲಿ ಪ್ರತಿವರ್ಷ ಬೆರಳೆಣಿಕೆಯ ಪ್ರೌಢ ಹಕ್ಕಿಗಳು ಸತ್ತರೂ ಸಂತತಿ ಮೆಲ್ಲಗೆ ಇಳಿಯತೊಡಗುತ್ತದೆ. ಕ್ಯಾಲಿಫೋರ್ನಿಯದ ಆಲ್ಟಮಾಂಟ್ ಕಣಿವೆಯಲ್ಲಿ 1980ರ ದಶಕದಲ್ಲಿ ನೆಟ್ಟ ಸಾವಿರಾರು ಸಣ್ಣ ಯಂತ್ರಗಳು ಇಡೀ ಜಗತ್ತಿಗೆ ಪಾಠವಾದದ್ದು ಸತ್ತ ಹಕ್ಕಿಗಳ ಒಟ್ಟು ಲೆಕ್ಕದಿಂದಷ್ಟೇ ಅಲ್ಲ. ನೆಲದ ಅಳಿಲುಗಳನ್ನು ಬೇಟೆಯಾಡಲು ಅಲ್ಲಿಗೆ ಬರುತ್ತಿದ್ದ ಬಂಗಾರದ ಹದ್ದುಗಳು ಅವುಗಳಿಗೆ ಸಿಕ್ಕು ಸಾಯುತ್ತಿದ್ದುದರಿಂದ.

ನಮ್ಮ ಗದಗ ಜಿಲ್ಲೆಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಟ್ಟುವಂತಿದೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. 2024ರ ಜನವರಿಯಲ್ಲಿ ಆ ಕೆರೆ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಮೈಸೂರಿನ ಸುತ್ತಲಿನ ಕೆರೆಗಳಲ್ಲಿ ಕಾಣಿಸಿಕೊಂಡಿದ್ದನ್ನು ನೆನೆದರೆ ಇವುಗಳ ಪಯಣ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಕೆರೆಯ ಏರಿಯ ಮೇಲೆ ಬೆಳಕು ಹರಿಯುವ ಮುನ್ನ ನಿಂತರೆ ಮೊದಲು ಅವುಗಳ ದನಿ ಕೇಳುತ್ತದೆ, ಆಮೇಲೆ ಹೊಲಗಳ ಕಡೆಯಿಂದ ಓರೆಸಾಲಿನಲ್ಲಿ ಬರುವ ಗುಂಪು ಮಬ್ಬಿನಲ್ಲಿ ಮೂಡುತ್ತದೆ; ನೀರಿನ ಹತ್ತಿರ ಬಂದಂತೆ ಕಾಲು ಇಳಿಬಿಟ್ಟು, ರೆಕ್ಕೆ ಬಾಗಿಸಿ, ಅತ್ತಿತ್ತ ಹೊರಳುತ್ತ ಕೆಳಗಿಳಿಯುತ್ತವೆ. ಇಂಥ ಹಕ್ಕಿಗೆ ಗಾಳಿಯಂತ್ರದ ಬ್ಲೇಡು ದೊಡ್ಡ ಅಪಾಯವೇ? ಬಹುಮಟ್ಟಿಗೆ ಅಲ್ಲ. ಡೆನ್ಮಾರ್ಕಿನ ನ್ಯೂಸ್ಟೆಡ್ ಸಮುದ್ರ ಸ್ಥಾವರದಲ್ಲಿ ರೇಡಾರ್ ಮೂಲಕ ಗಮನಿಸಿದಾಗ, ವಲಸೆ ಹೋಗುವ ಬಾತು ಹೆಬ್ಬಾತುಗಳಲ್ಲಿ ಡಿಕ್ಕಿಯ ಅಪಾಯವಿರುವಷ್ಟು ಸಮೀಪಕ್ಕೆ ಬಂದದ್ದು ಶೇಕಡ ಒಂದಕ್ಕಿಂತ ಕಡಿಮೆ. ಸ್ಕಾಟ್ಲೆಂಡಿನಲ್ಲಿ ಅಪಾಯದ ಲೆಕ್ಕ ಹಾಕುವಾಗ ಹೆಬ್ಬಾತುಗಳು ಯಂತ್ರಗಳನ್ನು ತಪ್ಪಿಸಿಕೊಳ್ಳುವ ಪ್ರಮಾಣವನ್ನು ಶೇ. 99.8 ಎಂದೇ ಇಟ್ಟುಕೊಳ್ಳುತ್ತಾರೆ.

ಆದರೆ ಯಂತ್ರದ ಜೊತೆ ತಂತಿಯೂ ಬರುತ್ತದೆ. ಯಂತ್ರದಿಂದ ಉಪಕೇಂದ್ರಕ್ಕೆ ಹೊಲಗಳ ಮೇಲೆ ಹಾಯುವ ವಿದ್ಯುತ್ ಮಾರ್ಗಗಳು ನಸುಕಿನಲ್ಲಿ, ಮಂಜಿನಲ್ಲಿ, ಕೆಳಮಟ್ಟದಲ್ಲಿ ಹಾರುವ ಭಾರದ ಹಕ್ಕಿಗಳಿಗೆ ಕಾಣುವುದೇ ಇಲ್ಲ, ಕಂಡರೂ ತಟ್ಟನೆ ತಿರುಗಲು ಅವುಗಳಿಗೆ ಆಗದು. ಅಳಿವಿನಂಚಿನಲ್ಲಿರುವ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ವಿಷಯ 2021ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಪಿನ ಮಟ್ಟಕ್ಕೆ ಬಂದದ್ದೂ ತಂತಿಗಳಿಂದಲೇ. ಹಾಗಾಗಿ ಮಾಗಡಿಯಂಥ ಕೆರೆಯ ಸುತ್ತ ಯೋಜನೆ ಬಂದಾಗ ಯಂತ್ರ ಎಷ್ಟು ದೂರದಲ್ಲಿದೆ ಎಂದು ಕೇಳಿ ಸುಮ್ಮನಾಗಬಾರದು. ಕೆರೆಗೂ ಮೇವಿನ ಹೊಲಗಳಿಗೂ ನಡುವಿನ ದಾರಿಯನ್ನು ಯಾವ ತಂತಿ ಅಡ್ಡಹಾಯುತ್ತದೆ, ಅದನ್ನು ನೆಲದಡಿ ಒಯ್ಯಬಹುದೇ, ಕನಿಷ್ಠ ಹಕ್ಕಿಗೆ ಕಾಣುವಂಥ ಬಿಲ್ಲೆಗಳನ್ನು ತೂಗುಬಿಡುತ್ತಾರೆಯೇ ಎಂದು ಕೇಳಬೇಕು.

ಕಪ್ಪತಗುಡ್ಡದ ಕಡೆ ತಿರುಗಿದರೆ ಪ್ರಶ್ನೆಯೇ ಬೇರೆ. ಗುಡ್ಡಸಾಲಿಗೆ ಬಡಿದ ಗಾಳಿ ಮೇಲಕ್ಕೇಳುವ ಜಾಗವೇ ವಿದ್ಯುತ್ತಿಗೂ ಬೇಕು, ರೆಕ್ಕೆ ಬಡಿಯದೆ ತೇಲುವ ಹದ್ದುಗಳಿಗೂ ಬೇಕು. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬರುವ ಸೆಳೆವಗಳೆಂಬ (ಹ್ಯಾರಿಯರ್) ಬೇಟೆಗಾರ ಹಕ್ಕಿಗಳು ಅದರ ಸುತ್ತಲಿನ ಹುಲ್ಲುಗಾವಲು ಮತ್ತು ಬೀಳುಗಳ ಮೇಲೆ ತಗ್ಗಿ ಹಾರುತ್ತ ಇಲಿ, ಮಿಡತೆ ಹುಡುಕುತ್ತವೆ. ಇಷ್ಟು ತೀಕ್ಷ್ಣ ಕಣ್ಣಿನ ಹಕ್ಕಿ ಇಷ್ಟು ದೊಡ್ಡ ಯಂತ್ರವನ್ನು ಕಾಣದೆ ಹೋಗುವುದೆಂತು ಎಂದು ಅನೇಕರು ಕೇಳುತ್ತಾರೆ. ರಣಹದ್ದುಗಳ ದೃಷ್ಟಿಕ್ಷೇತ್ರವನ್ನು ಅಳೆದವರು ಇದಕ್ಕೆ ಉತ್ತರ ಕೊಟ್ಟಿದ್ದಾರೆ: ನೆಲದ ಮೇಲೆ ಆಹಾರ ಹುಡುಕಲು ತಲೆ ತಗ್ಗಿಸಿದಾಗ ಹಾರುತ್ತಿರುವ ದಿಕ್ಕೇ ಅವುಗಳ ಕುರುಡು ಭಾಗಕ್ಕೆ ಬಂದುಬಿಡುತ್ತದೆ. ಇದರ ಜೊತೆಗೆ, ನಿಧಾನವಾಗಿ ತಿರುಗುವಂತೆ ನಮಗೆ ತೋರುವ ಬ್ಲೇಡಿನ ತುದಿ ಗಂಟೆಗೆ 250 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಸಾಗುತ್ತಿರುತ್ತದೆ. ಹತ್ತಿರ ಹೋದಂತೆ ಅದು ಕಣ್ಣಿಗೆ ಕಲೆಸಿಹೋಗುತ್ತದೆ.

ಡಿಕ್ಕಿಯಿಲ್ಲದೆಯೂ ಹಕ್ಕಿಗಳು ಜಾಗ ಕಳೆದುಕೊಳ್ಳುತ್ತವೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಂಗಡಿಗರು 2018ರಲ್ಲಿ ತೋರಿಸಿಕೊಟ್ಟರು. ಮಹಾರಾಷ್ಟ್ರದ ಸಾತಾರಾ ಬಳಿಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ಯಂತ್ರಗಳಿರುವ ಕಡೆ ಬೇಟೆಗಾರ ಹಕ್ಕಿಗಳು ಯಂತ್ರಗಳಿಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆಯಿದ್ದವು. ಅವುಗಳ ಭಯ ಕಡಿಮೆಯಾದದ್ದರಿಂದ ಓತಿಗಳ ಸಂಖ್ಯೆ ಏರಿತ್ತು, ವರ್ತನೆಯೂ ಬದಲಾಗಿತ್ತು. ಅಂಥಲ್ಲಿ ಶವ ಎಣಿಸಿದರೆ ಸೊನ್ನೆ ಸಿಗಬಹುದು. ಹಕ್ಕಿ ಸಾಯಲಿಲ್ಲ ಎಂದಲ್ಲವೇ ಅದರ ಅರ್ಥ ಎಂದು ಸಮಾಧಾನಪಡುವಂತಿಲ್ಲ, ಏಕೆಂದರೆ ಸಾಯಲು ಹಕ್ಕಿಯೇ ಅಲ್ಲಿ ಉಳಿದಿಲ್ಲ. ಯಂತ್ರ ಬರುವ ಮೊದಲು ಅಲ್ಲಿ ಏನಿತ್ತು ಎಂಬ ದಾಖಲೆಯಿಲ್ಲದೆ ಈ ನಷ್ಟವನ್ನು ಸಾಬೀತುಪಡಿಸಲು ದಾರಿಯೇ ಇರುವುದಿಲ್ಲ.

ನಮ್ಮ ದೇಶದ ವ್ಯವಸ್ಥೆಯಲ್ಲಿ ಬಿಟ್ಟುಹೋಗಿರುವುದು ಸರಿಯಾಗಿ ಇದೇ ಹೆಜ್ಜೆ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಯೋಜನೆಗಳಿಲ್ಲ. ಅರಣ್ಯ ಭೂಮಿಯಾದರೆ ಅರಣ್ಯ ಕಾಯ್ದೆಯ ಅನುಮತಿ ಬೇಕು. ರೈತರ ಹೊಲ, ಗೋಮಾಳ, ಹುಲ್ಲುಬಯಲುಗಳಲ್ಲಿ ಹಕ್ಕಿಗಳ ಬಗ್ಗೆ ಕೇಳುವ ಕಡ್ಡಾಯ ಘಟ್ಟವೇ ಇಲ್ಲ. ಮಧ್ಯ ಏಷ್ಯಾದ ವಲಸೆ ಮಾರ್ಗದ ಸಂರಕ್ಷಣೆಗೆ ಭಾರತ 2018ರಲ್ಲಿ ರಾಷ್ಟ್ರೀಯ ಕ್ರಿಯಾಯೋಜನೆ ರೂಪಿಸಿತು, 2024ರ ಫೆಬ್ರುವರಿಯಲ್ಲಿ ಸಮರ್‌ಕಂದದಲ್ಲಿ ನಡೆದ, ವಲಸೆ ಜೀವಿಗಳ ಸಂರಕ್ಷಣೆಯ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಆ ಮಾರ್ಗದ ಸಮನ್ವಯದ ಹೊಣೆಯನ್ನೂ ಹೊತ್ತಿತು. ಸುಮಾರು 30 ದೇಶಗಳ ಹಕ್ಕಿಗಳ ಹೊಣೆ ಹೊತ್ತವರು ತಮ್ಮ ಹೊಲದ ಮೇಲೆ ಏನು ಹಾರುತ್ತದೆ ಎಂದು ಯೋಜನೆಗೆ ಮುನ್ನ ನೋಡದಿರುವುದು ನನಗೆ ಬಹಳ ನೋವಿನ ಸಂಗತಿ. ವಿದೇಶಿ ಅಭಿವೃದ್ಧಿ ಬ್ಯಾಂಕುಗಳಿಂದ ಸಾಲ ಪಡೆಯುವ ಕಂಪನಿಗಳು ಸಾಲದ ಷರತ್ತಿನಂತೆ ಇಂಥ ಸಮೀಕ್ಷೆಗಳನ್ನು ಈಗಾಗಲೇ ಮಾಡಿಸುತ್ತಿವೆ. ಅಂದರೆ ಬಲ್ಲವರು ದೇಶದಲ್ಲಿಯೇ ಇದ್ದಾರೆ, ಕೊರತೆಯಿರುವುದು ಎಲ್ಲರಿಗೂ ಅನ್ವಯಿಸುವ ನಿಯಮದ್ದು.

ಸಮೀಕ್ಷೆ ಎಂದರೆ ಸಲಹೆಗಾರರೊಬ್ಬರು ಮೇ ತಿಂಗಳಲ್ಲಿ ಎರಡು ದಿನ ಬಂದು ಹಕ್ಕಿಗಳ ಪಟ್ಟಿ ಬರೆದುಕೊಂಡು ಹೋಗುವುದಲ್ಲ. ಮೇ ಹೊತ್ತಿಗೆ ವಲಸೆ ಹಕ್ಕಿಗಳು ಹೊರಟುಹೋಗಿರುತ್ತವೆ. ಕನಿಷ್ಠ ಒಂದು ಪೂರ್ಣ ವರ್ಷ, ಅದರಲ್ಲೂ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ, ಎತ್ತರದ ನೆಲೆಯಲ್ಲಿ ಕುಳಿತು ಯಾವ ಜಾತಿ ಯಾವ ಎತ್ತರದಲ್ಲಿ ಎಷ್ಟು ಹೊತ್ತು ಹಾರಿತು ಎಂದು ಬರೆದಿಡಬೇಕು. ಇಂದಿನ ಯಂತ್ರಗಳ ಬ್ಲೇಡಿನ ತುದಿ 200 ಮೀಟರಿನಷ್ಟು ಎತ್ತರ ಮುಟ್ಟುತ್ತದೆ. ಆ ವೃತ್ತದೊಳಗೆ ಕಳೆದ ನಿಮಿಷಗಳೇ ಮುಂದಿನ ಲೆಕ್ಕಕ್ಕೆ ಆಧಾರ. ಆ ಲೆಕ್ಕವನ್ನು ಓದುವಾಗಲೂ ಎಚ್ಚರ ಬೇಕು. ಹಕ್ಕಿ ತಪ್ಪಿಸಿಕೊಳ್ಳುವ ಪ್ರಮಾಣವನ್ನು ಶೇ. 98ರ ಬದಲು ಶೇ. 99 ಎಂದು ಬರೆದರೆ ಸಾವಿನ ಅಂದಾಜು ಅರ್ಧಕ್ಕಿಳಿಯುತ್ತದೆ. ವರದಿಯ ಮೂಲೆಯಲ್ಲಿರುವ ಆ ಒಂದು ಅಂಕಿಗೆ ಏನು ಆಧಾರ ಎಂದು ಯಾರಾದರೂ ಕೇಳಲೇಬೇಕು. ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ 2022ರಲ್ಲಿ ಹೊರತಂದ ಅವಿಸ್ಟೆಪ್ ಎಂಬ ನಕ್ಷೆ ಭಾರತದ ಯಾವ ಭಾಗ ಹಕ್ಕಿಗಳ ದೃಷ್ಟಿಯಿಂದ ಎಷ್ಟು ಸೂಕ್ಷ್ಮ ಎಂದು ತೋರಿಸುತ್ತದೆ. ಜಾಗ ಹುಡುಕುವ ಮೊದಲ ದಿನವೇ ಅದನ್ನು ತೆರೆದು ನೋಡಿದರೆ ಮುಂದಿನ ಅರ್ಧ ಜಗಳ ತಪ್ಪುತ್ತದೆ.

ಈಗಾಗಲೇ ನಿಂತಿರುವ ಯಂತ್ರಗಳ ಮಾತೇನು? ಸ್ಪೇನಿನ ಕಾದಿಸ್ ಪ್ರಾಂತ್ಯದ ಅನುಭವ ನನಗೆ ಅತ್ಯಂತ ಭರವಸೆಯದಾಗಿ ಕಾಣುತ್ತದೆ. ಅಲ್ಲಿ ತರಬೇತಿ ಪಡೆದ ವೀಕ್ಷಕರು ದುರ್ಬೀನು ಹಿಡಿದು ಕಾದಿದ್ದು, ರಣಹದ್ದು ಅಪಾಯದ ದಾರಿಯಲ್ಲಿ ಬಂದಾಗ ಆ ಒಂದು ಯಂತ್ರವನ್ನು ನಿಲ್ಲಿಸಲು ನಿಯಂತ್ರಣ ಕೊಠಡಿಗೆ ಹೇಳುತ್ತಾರೆ. ಮೊದಲ ವರ್ಷಗಳಲ್ಲೇ ಗ್ರಿಫನ್ ರಣಹದ್ದುಗಳ ಸಾವು ಅರ್ಧಕ್ಕಿಳಿಯಿತು, ವಿದ್ಯುತ್ ನಷ್ಟ ಶೇ. 0.07 ಮಾತ್ರ, ಮುಂದೆ ಸಾವು ಶೇ. 90ಕ್ಕೂ ಹೆಚ್ಚು ತಗ್ಗಿತು, ನಷ್ಟ ಆಗಲೂ ಶೇ. 0.51 ದಾಟಲಿಲ್ಲ. ಈಜಿಪ್ಟಿನ ಸುಯೆಜ್ ಕೊಲ್ಲಿಯ ತೀರದಲ್ಲಿ ಕೊಕ್ಕರೆ, ಹದ್ದುಗಳ ವಲಸೆಯ ಕಾಲದಲ್ಲಿ ಇದೇ ಕ್ರಮವಿದೆ. ನಾರ್ವೆಯ ಸ್ಮೋಲಾದಲ್ಲಿ ಮೂರು ಬ್ಲೇಡುಗಳಲ್ಲಿ ಒಂದಕ್ಕೆ ಕಪ್ಪು ಬಣ್ಣ ಬಳಿದಾಗ ಸಾವು ಶೇ. 70ರಷ್ಟು ಇಳಿದ ಸುದ್ದಿ ಹೆಚ್ಚು ಪ್ರಚಾರ ಪಡೆದಿದೆ, ಆದರೆ ಅಲ್ಲಿ ಬಣ್ಣ ಬಳಿದದ್ದು ನಾಲ್ಕೇ ಯಂತ್ರಗಳಿಗೆ. ಅದನ್ನು ಎಲ್ಲೆಡೆಯ ಪರಿಹಾರವೆಂದು ಈಗಲೇ ನಂಬುವುದು ಅವಸರವಾದೀತು.

ಕರ್ನಾಟಕಕ್ಕೆ ಇಲ್ಲಿ ಒಂದು ದೊಡ್ಡ ಅನುಕೂಲವಿದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ನಮ್ಮಲ್ಲಿ ಪವನ ವಿದ್ಯುತ್ತಿನ ಬಹುಪಾಲು ಹುಟ್ಟುವುದು ನೈರುತ್ಯ ಮುಂಗಾರಿನ ತಿಂಗಳುಗಳಲ್ಲಿ. ವಲಸೆ ಹಕ್ಕಿಗಳು ಬರುವುದು ಮುಂಗಾರು ಹಿಂದೆ ಸರಿದ ಮೇಲೆ, ಗಾಳಿ ಇಳಿದಿರುವಾಗ. ಅದೂ ಅಲ್ಲದೆ ಹದ್ದು, ಸೆಳೆವಗಳು ಮೇಲೇರುವುದು ನೆಲ ಕಾದು ಬಿಸಿಗಾಳಿ ಏಳುವ ನಡುಹಗಲಿನಲ್ಲಿ. ಪಾವಗಡ ಮೊದಲಾದ ಕಡೆಯ ಸೌರ ವಿದ್ಯುತ್ ಹೇರಳವಾಗಿ ಸಿಗುವುದೂ ಅದೇ ಹೊತ್ತಿನಲ್ಲಿ. ಚಳಿಗಾಲದ ನಡುಹಗಲಿನಲ್ಲಿ ಅಪಾಯದ ಕೆಲವೇ ಯಂತ್ರಗಳನ್ನು ಕೆಲವು ನಿಮಿಷ ನಿಲ್ಲಿಸುವುದಕ್ಕೆ ತೆರಬೇಕಾದ ಬೆಲೆ ಆದ್ದರಿಂದ ಬಹಳ ಸಣ್ಣದು, ಮತ್ತು ಆ ನಷ್ಟವನ್ನು ಕಂಪನಿಯೊಂದೇ ಹೊರದಂತೆ ಖರೀದಿ ಒಪ್ಪಂದದಲ್ಲಿಯೇ ಬರೆಯಬಹುದು. ಮಳೆಗಾಲದಲ್ಲಿ ಗೂಡು ಕಟ್ಟುವ ಸ್ಥಳೀಯ ಹಕ್ಕಿಗಳಿಗೆ ಇದರಿಂದ ರಕ್ಷಣೆ ಸಿಗದು, ಅವುಗಳಿಗೆ ಜಾಗದ ಆಯ್ಕೆಯೊಂದೇ ದಾರಿ.

ಜಾಗವನ್ನು ಮತ್ತೆ ಆಯ್ದುಕೊಳ್ಳುವ ಅವಕಾಶವೂ ಈಗ ಬಂದಿದೆ. ಹಳೆಯ ಸಣ್ಣ ಯಂತ್ರಗಳನ್ನು ತೆಗೆದು ದೊಡ್ಡವನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2023ರಲ್ಲಿ ನೀತಿ ಪ್ರಕಟಿಸಿತು. ಅಷ್ಟೇ ವಿದ್ಯುತ್ತನ್ನು ಈಗ ಕೆಲವೇ ಯಂತ್ರಗಳಿಂದ ಪಡೆಯಬಹುದಾದ್ದರಿಂದ, ಗುಡ್ಡದ ಅಂಚಿನಲ್ಲಿ, ಕೆರೆಯ ದಾರಿಯಲ್ಲಿ, ಹುಲ್ಲುಗಾವಲಿನ ನಡುವೆ ಇರುವ ಕೆಟ್ಟ ನೆಲೆಗಳನ್ನು ಶಾಶ್ವತವಾಗಿ ಬಿಟ್ಟುಬಿಡಬೇಕೆಂಬ ಷರತ್ತನ್ನು ಅನುಮತಿಯಲ್ಲಿ ಸೇರಿಸಬಹುದು. ಯಾವ ನೆಲೆ ಕೆಟ್ಟದ್ದು ಎಂದು ಹೇಳಲು ಯಂತ್ರವಾರು ದಾಖಲೆ ಬೇಕು.

ಆ ದಾಖಲೆಯ ಒಂದು ಪಾಲನ್ನು ನಮ್ಮಂಥ ಹವ್ಯಾಸಿಗಳೇ ಕಟ್ಟಬಹುದು. ಜನವರಿಯ ಜಲಪಕ್ಷಿ ಗಣತಿಗೆ ಹೇಗೂ ಕೆರೆಗೆ ಹೋಗುತ್ತೇವೆ. ಅರಣ್ಯ ಇಲಾಖೆಗೆ ತಿಳಿಸಿ, ಹೊಲದವರ ಒಪ್ಪಿಗೆ ಪಡೆದು, ಕೆರೆಗೆ ಹತ್ತಿರದ ತಂತಿ ಮಾರ್ಗದ ಕೆಳಗೂ ಒಂದು ಸುತ್ತು ನಡೆಯಬಹುದು. ಸತ್ತ ಹಕ್ಕಿ ಸಿಕ್ಕರೆ ಮುಟ್ಟದೆ, ಎತ್ತಿಕೊಳ್ಳದೆ, ದಿನಾಂಕ, ಕಂಬದ ಸಂಖ್ಯೆ, ಜಾತಿ, ಗಾಯ ಸುಟ್ಟದ್ದೋ ಮುರಿದದ್ದೋ ಎಂಬ ವಿವರ ಬರೆದು, ಫೋಟೊ ತೆಗೆದು ಇಲಾಖೆಗೆ ತಿಳಿಸಬೇಕು. ಏನೂ ಸಿಗದ ದಿನ ನಡೆದ ದೂರವನ್ನೂ ಹಾಗೆಯೇ ಬರೆಯಬೇಕು, ಏಕೆಂದರೆ ಆ ಸೊನ್ನೆಗಳಿಲ್ಲದೆ ಕಿಲೋಮೀಟರಿಗೆ ಎಷ್ಟು ಎಂಬ ಲೆಕ್ಕ ಕೂಡಿಬರುವುದಿಲ್ಲ.