ಟೇ ನದೀಲಿ ಸಾಲ್ಮನ್ ವಾರ

ಅಕ್ಟೋಬರ್ ಮೊದಲ ವಾರ ಪೂರ್ತಿ ಸ್ಕಾಟ್ಲೆಂಡಿನ ಟೇ ನದೀಲಿ ಸಾಲ್ಮನ್ ಮೀನಿಗೆ ಗಾಳ ಹಾಕ್ತಾನೇ ಕಳೀತು. ಇಲ್ಲಿ ನದೀನ ಭಾಗ ಮಾಡಿ ಬಾಡಿಗೆಗೆ ಕೊಡ್ತಾರೆ, ಒಂದೊಂದಕ್ಕೂ ಬೀಟ್ ಅಂತಾರೆ, ಜೊತೆಗೊಬ್ಬ ಗಿಲ್ಲಿ, ಅಂದ್ರೆ ಆ ನೀರಿನ ಒಂದೊಂದು ಕಲ್ಲೂ ಗೊತ್ತಿರೋ ಮನುಷ್ಯ. ಭಾನುವಾರ ಸಾಲ್ಮನ್ ಹಿಡಿಯೋ ಹಾಗೇ ಇಲ್ಲ, ಕಾನೂನು. ಅಕ್ಟೋಬರ್ 15ಕ್ಕೆ ಸೀಸನ್ನೇ ಬಂದ್.

ತಮಾಷೆ ಏನಂದ್ರೆ ಮೊಟ್ಟೆ ಇಡೋಕೆ ಸಮುದ್ರದಿಂದ ಹತ್ತಿ ಬರೋ ಸಾಲ್ಮನ್ ನದಿಗೆ ಬಂದ್ಮೇಲೆ ಏನೂ ತಿನ್ನಲ್ಲ, ಊಟ ಬಿಟ್ಟಿರೋ ಮೀನಿಗೆ ನಾವು ಬಣ್ಣದ ಗರಿ ಕಟ್ಟಿದ ಗಾಳ ತೋರಿಸ್ತಾ ಸೊಂಟದ ತನಕ ತಣ್ಣೀರಲ್ಲಿ ನಿಂತಿರ್ತೀವಿ! ಮಧ್ಯೆ ಮಳೆ ಬಂದು ನೀರೇರಿ ಲೈನ್ ಎಳೆದಾಗೆಲ್ಲ ಗಾಳಕ್ಕೆ ಬರೀ ಎಲೆ. ಗುರುವಾರ ಒಂದು ಗಂಡು ಸಿಕ್ತು, ಮೈಯೆಲ್ಲ ತಾಮ್ರದ ಬಣ್ಣ, ಕೆಳದವಡೆ ಕೊಕ್ಕೆ ಥರ ಮೇಲಕ್ಕೆ ಬಾಗಿತ್ತು. ನೀರಿಂದ ಎತ್ತದೆ ಬಲೆಯಲ್ಲೇ ಗಾಳ ಬಿಡಿಸಿ, ತಲೆ ಹರಿವಿಗೆ ಎದುರು ಮಾಡಿ ಹಿಡ್ಕೊಂಡ್ವಿ, ಸ್ವಲ್ಪ ಹೊತ್ತಿಗೆ ಬಾಲ ಒದ್ದು ಹೋಯ್ತು.

1922ರಲ್ಲಿ ಇದೇ ನದೀಲಿ ಜಾರ್ಜಿನಾ ಬ್ಯಾಲಂಟೈನ್ ಅನ್ನೋರು 64 ಪೌಂಡಿನ ಸಾಲ್ಮನ್ ಹಿಡಿದಿದ್ರು, ಗಾಳದಲ್ಲಿ ಹಿಡಿದಿದ್ರಲ್ಲಿ ಬ್ರಿಟನ್ನಿನ ರೆಕಾರ್ಡ್ ಇನ್ನೂ ಅದೇ. ಗಿಲ್ಲಿ ದಿನಾ ಇದನ್ನೇ ಹೇಳೋನು.

ಅಷ್ಟು ದುಡ್ಡು ಸುರಿದು ಹಿಡಿದ ಮೀನೂ ಬಿಟ್ಟು ಬಂದ್ಯಾ ಅಂತ ಅಮ್ಮ ಫೋನಲ್ಲಿ ಬೈದ್ರು. ಮುಂದಿನ ವರ್ಷಕ್ಕೆ ಬುಕ್ ಮಾಡಿರೋದು ಅವ್ರಿಗಿನ್ನೂ ಹೇಳಿಲ್ಲ.