ಹಿಂಟೋಕ್‌ನ ಕಲ್ಲುದಾರಿ: ಸೆರೆಯಲ್ಲಿದ್ದ ಒಬ್ಬ ಸೇನಾ ವೈದ್ಯರನ್ನು ನೆನೆಯುತ್ತ

ಥಾಯ್ಲೆಂಡಿನ ಕಾಂಚನಬುರಿಗೆ ಹೋಗುವ ಬಹಳಷ್ಟು ಮಂದಿ ಕ್ವಾಯ್ ನದಿಯ ಸೇತುವೆಯನ್ನು ನೋಡಿ ಹಿಂದಿರುಗುತ್ತಾರೆ. ನನ್ನ ಮನಸ್ಸಿದ್ದುದು ಅಲ್ಲಿಂದ ಸುಮಾರು 80 ಕಿ.ಮೀ. ಆಚೆಯ ಕಾಡಿನಲ್ಲಿ, ಎಡ್ವರ್ಡ್ ಡನ್ಲಪ್ ಎಂಬ ಆಸ್ಟ್ರೇಲಿಯಾದ ಸೇನಾ ಶಸ್ತ್ರವೈದ್ಯರು 1943ರಲ್ಲಿ ಜಪಾನೀಯರ ಕೈದಿಯಾಗಿದ್ದ ಹಿಂಟೋಕ್‌ನಲ್ಲಿ.

ನಾಮ್ ತೋಕ್‌ವರೆಗಿನ ರೈಲು ಇಂದಿಗೂ ಯುದ್ಧಕೈದಿಗಳು ಹಾಕಿದ ಹಾದಿಯಲ್ಲೇ ಓಡುತ್ತದೆ. ಥಾಮ್ ಕ್ರಾಸೆಯಲ್ಲಿ ಬಂಡೆಯ ಮಗ್ಗುಲಿಗೇ ಕಟ್ಟಿದ ಮರದ ಸೇತುವೆಯ ಮೇಲೆ ಅದು ನಿಧಾನವಾಗಿ ಸಾಗುವಾಗ, ಬರ್ಮಾದಲ್ಲಿದ್ದ ಸೇನೆಗೆ ಸರಕು ಸಾಗಿಸುವುದಕ್ಕಾಗಿ ಜಪಾನ್ ಕಟ್ಟಿಸಿದ 415 ಕಿ.ಮೀ. ಮಾರ್ಗದಲ್ಲಿ ದುಡಿದ ಸುಮಾರು 60,000 ಕೈದಿಗಳ ಪೈಕಿ 12,000ಕ್ಕೂ ಹೆಚ್ಚು ಮಂದಿ ಸತ್ತರೆಂಬುದು ನೆನಪಾಗದೆ ಇರದು.

ಕಂಬಿ ಮುಗಿದ ಮೇಲೆ ವ್ಯಾನ್ ಹಿಡಿದು ಹೆಲ್‌ಫೈರ್ ಪಾಸ್ ತಲುಪಿದೆ. ಬೆಟ್ಟವನ್ನು ಸೀಳಿದ ಈ ಕಣಿವೆಯ ಗೋಡೆಗಳು ಕೆಲವೆಡೆ 25 ಮೀಟರ್ ಎತ್ತರವಿವೆ. ಒಬ್ಬ ಉಳಿ ಹಿಡಿಯುವುದು, ಇನ್ನೊಬ್ಬ ಸುತ್ತಿಗೆಯಿಂದ ಹೊಡೆಯುವುದು, ಕೊರೆದ ತೂತಿಗೆ ಮದ್ದು ತುಂಬಿ ಸಿಡಿಸುವುದು, ಒಡೆದ ಕಲ್ಲನ್ನು ಹೊತ್ತು ಹಾಕುವುದು. ಕೆಲಸ ನಡೆದದ್ದು ಹೀಗೆ. ಉಳಿಯ ತೂತುಗಳು ಬಂಡೆಯಲ್ಲಿ ಹಾಗೇ ಇವೆ. ರಾತ್ರಿಯ ಪಾಳಿಗೆ ಉರಿಸುತ್ತಿದ್ದ ಬಿದಿರಿನ ಬೆಂಕಿಯಿಂದಲೇ ಈ ಜಾಗಕ್ಕೆ ನರಕದ ಉರಿಯ ಹೆಸರು ಬಂತು.

ಅಲ್ಲಿಂದ ಹಿಂಟೋಕ್ ಕಡೆಗೆ ಹಳೆಯ ರೈಲುಹಾದಿಯ ಜಲ್ಲಿಯ ಮೇಲೆ ನಡೆಯಬೇಕು. ಡನ್ಲಪ್ 1942ರಲ್ಲಿ ಜಾವಾದ ಬಾಂಡುಂಗ್‌ನಲ್ಲಿ ತಮ್ಮ ಆಸ್ಪತ್ರೆಯೊಡನೆ ಸೆರೆಯಾದವರು. ಕಣ್ಣು, ಕೈ ಎರಡನ್ನೂ ಕಳೆದುಕೊಂಡಿದ್ದ ರೋಗಿಯೊಬ್ಬನನ್ನು ಇರಿಯಲು ಬಂದ ಬಂದೂಕಿನ ಈಟಿಗೆ ಎದೆಯೊಡ್ಡಿ ನಿಂತವರು. ಹಿಂಟೋಕ್‌ನಲ್ಲಿ ಅವರ ಹೋರಾಟ ಇನ್ನೂ ಕಠಿಣವಾಗಿತ್ತು, ಏಕೆಂದರೆ ಅದು ದಿನವೂ ಬೆಳಗಾದರೆ ಮತ್ತೆ ಶುರುವಾಗುತ್ತಿತ್ತು. ಎಷ್ಟು ಜನ ಮಲಗಿದ್ದರೂ ಜಪಾನೀ ಇಂಜಿನಿಯರುಗಳಿಗೆ ತಾವು ಕೇಳಿದಷ್ಟು ಆಳು ಬೇಕು. ಮಲೇರಿಯಾ, ಆಮಶಂಕೆ, ಬೆರಿಬೆರಿ, ಮೂಳೆ ಕಾಣುವಷ್ಟು ಕೊಳೆತ ಕಾಲಿನ ಹುಣ್ಣು, ಇವುಗಳಲ್ಲಿ ಯಾವುದಿದ್ದವನನ್ನು ಕಳಿಸಬಹುದು, ಯಾರನ್ನು ಕಳಿಸಿದರೆ ಅವನು ಜೀವಂತ ಮರಳಲಾರ ಎಂಬುದನ್ನು ಒಬ್ಬ ವೈದ್ಯ ನಿರ್ಧರಿಸಬೇಕಾದ ಸ್ಥಿತಿಗಿಂತ ಕ್ರೂರವಾದದ್ದನ್ನು ನಾನು ಊಹಿಸಲಾರೆ. ಅವರು ವಾದಿಸಿದರು, ಏಟು ತಿಂದರು, ತಾವೇ ರೋಗದಿಂದ ನರಳಿದರು. ಅಧಿಕಾರಿಗಳಿಗೆ ಸಿಗುತ್ತಿದ್ದ ಅಲ್ಪ ಸಂಬಳದಲ್ಲಿ ಪಾಲು ತೆಗೆಸಿ ರೋಗಿಗಳಿಗೆ ಬಾತುಕೋಳಿಯ ಮೊಟ್ಟೆ ಕೊಳ್ಳಲು ಏರ್ಪಾಡು ಮಾಡಿದರು. ಮಳೆಗಾಲದಲ್ಲಿ ಕಾಲರಾ ಬಂದಾಗ ನೀರನ್ನು ಭಟ್ಟಿ ಇಳಿಸಿ ಲವಣದ್ರಾವಣ ತಯಾರಿಸಿ, ಬಿದಿರಿನ ನಳಿಕೆಯಿಂದ ರಕ್ತನಾಳಕ್ಕೆ ಹಾಯಿಸಿದವರು ಈ ಶಿಬಿರಗಳ ವೈದ್ಯರು.

ಡನ್ಲಪ್ 1993ರಲ್ಲಿ ತೀರಿಕೊಂಡರು. ಅವರ ಚಿತಾಭಸ್ಮದ ಒಂದು ಭಾಗವನ್ನು ಮರುವರ್ಷ ಹೆಲ್‌ಫೈರ್ ಪಾಸ್‌ಗೆ ತಂದರು.

ಮರಳುವಾಗ ಕಾಂಚನಬುರಿಯ ಯುದ್ಧ ಸ್ಮಶಾನಕ್ಕೆ ಹೋದೆ. ಅಲ್ಲಿ ಸುಮಾರು 7,000 ಸೈನಿಕರ ಸಮಾಧಿಗಳಿವೆ. ಇದೇ ಹಾದಿಯಲ್ಲಿ ಮಲಯದ ತೋಟಗಳಿಂದ ತಂದ ತಮಿಳರೂ ಸೇರಿದಂತೆ ಏಷ್ಯಾದ ಕೂಲಿಗಳು ಕೈದಿಗಳಿಗಿಂತ ಹಲವು ಪಟ್ಟು ಹೆಚ್ಚು ಸಂಖ್ಯೆಯಲ್ಲಿ ಸತ್ತರು. ಅವರ ಶಿಬಿರಗಳಲ್ಲಿ ಶಿಸ್ತಿನ ಪಡೆಯಾಗಲಿ, ಬೆಳಗಿನ ಹಾಜರಿಯ ಹೊತ್ತಿಗೆ ಅಡ್ಡ ನಿಲ್ಲುವ ಸೇನಾ ವೈದ್ಯರಾಗಲಿ ಇರಲಿಲ್ಲ. ಡನ್ಲಪ್ ಮತ್ತು ಅವರ ಸಹೋದ್ಯೋಗಿಗಳು ಎಷ್ಟು ಜೀವ ಉಳಿಸಿರಬಹುದೆಂಬ ಅಂದಾಜು ನನಗೆ ಸಿಕ್ಕಿದ್ದು ಆ ಹೋಲಿಕೆಯಿಂದಲೇ.